ಕೊನೆಯಲ್ಲಿ ಓಡುತ್ತಿದ್ದ ಮೇಷ್ಟ್ರು

ಹೋದ ತಿಂಗಳು ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಅದೂ ಇದೂ ಮಾತಾಡಿ, ಬಸ್ಸು ಹತ್ತುವ ಹೊತ್ತಿಗೆ ನೆನಪಾದವನಂತೆ, “ನಮ್ ಡ್ರಿಲ್ ಮೇಷ್ಟ್ರು ಓಗ್ಬುಟ್ರು ಸಾ” ಎಂದ. ಮಳವಳ್ಳಿಯಾಚೆ ಅವರ ಸ್ವಂತ ಊರಿನಲ್ಲಿ, ಮಧ್ಯಾಹ್ನ ಉಂಡು ಜಗಲಿಯ ಮೇಲೆ ಮಲಗಿದವರು ಏಳಲಿಲ್ಲವಂತೆ. ತಿಥಿಯೂ ಆಗಿಹೋಗಿತ್ತು. ನನಗೆ ಯಾರೂ ತಿಳಿಸಿರಲಿಲ್ಲ. ತಿಳಿಸಬೇಕೆಂದು ಯಾರಿಗಾದರೂ ಯಾಕೆ ತೋಚಬೇಕು? ನಾವಿಬ್ಬರೂ ಮದ್ದೂರಿನ ಒಂದೇ ಹೈಸ್ಕೂಲಿನಲ್ಲಿ ಕೆಲಸ ಮಾಡಿದ್ದು ಎಪ್ಪತ್ತರ ದಶಕದಲ್ಲಿ. ಆಮೇಲೆ ಅವರಿಗೆ ಮಳವಳ್ಳಿಗೆ ವರ್ಗವಾಯಿತು, ಅಲ್ಲೇ ನಿವೃತ್ತರೂ ಆದರು. ಮದುವೆ ಮನೆಗಳಲ್ಲಿ ಸಿಕ್ಕಾಗ ನನ್ನ ಕೈ ಹಿಡಿದುಕೊಂಡು ನಿಂತಿರುತ್ತಿದ್ದರು, ಅಷ್ಟೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರು ಅಚ್ಚಿನಲ್ಲಿ ಬಂದದ್ದು ಒಂದೇ ಸಲ. ಅವರು ಮರೆಯಲು ಆಸೆಪಟ್ಟ ಸುದ್ದಿಯ ಜೊತೆಗೆ. ಎರಡನೇ ಸಲ ಬರುವುದು ಅವರಿಗೆ ಬೇಕಾಗಿರಲಿಲ್ಲ. ನಾವೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಶಾಲೆಯ ತುಂಬ ಮೇಷ್ಟ್ರುಗಳೇ ಇದ್ದರೂ ಬರೀ ಮೇಷ್ಟ್ರು ಎಂದರೆ ಅವರೇ.

ಡ್ರಿಲ್ ಮೇಷ್ಟ್ರು ಎಂದರೆ ಎದೆಯುಬ್ಬಿಸಿ ನಡೆಯುವ, ಕಂಚಿನ ಕಂಠದ ಮನುಷ್ಯ ಎಂದುಕೊಂಡರೆ ಇವರು ಹಾಗಿರಲಿಲ್ಲ. ತೆಳ್ಳಗೆ, ಉದ್ದಕ್ಕೆ, ಭುಜ ಸ್ವಲ್ಪ ಮುಂದಕ್ಕೆ ಬಾಗಿದವರು. ಇಸ್ತ್ರಿ ಮಾಡಿದ ಬಿಳಿ ಚಡ್ಡಿ, ಅದರ ಕೆಳಗೆ ಒಣಗಿದ ಕಟ್ಟಿಗೆಯಂಥ ಕಾಲುಗಳು. ಕೊರಳಲ್ಲಿ ಯಾವಾಗಲೂ ಸೀಟಿ ತೂಗುತ್ತಿತ್ತು, ಆದರೆ ಊದಿದ್ದನ್ನು ಕೇಳಿದವರು ಕಡಿಮೆ. ಸೀಟಿ ಊದಿದರೆ ಮಕ್ಕಳು ಬೆದರಿದ ಕುರಿಗಳ ಹಾಗೆ ಆಡುತ್ತಾರೆ ಎಂದು ಚಪ್ಪಾಳೆ ತಟ್ಟಿಯೇ ಕೆಲಸ ಸಾಗಿಸುತ್ತಿದ್ದರು. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ. ತಪ್ಪು ಮಾಡಿದ ಹುಡುಗನ ಪಕ್ಕದಲ್ಲಿ ತಾವೂ ಬಿಸಿಲಲ್ಲಿ ನಿಂತುಕೊಳ್ಳುತ್ತಿದ್ದರು. ಹುಡುಗರಿಗೆ ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ನಾನು ಆ ಶಾಲೆಗೆ ಕನ್ನಡ ಪಂಡಿತನಾಗಿ ಬಂದ ವರ್ಷ ಆಗಸ್ಟ್ ಹದಿನೈದಕ್ಕೆ ಹುಡುಗರನ್ನು ಸಾಲಾಗಿ ತಾಲ್ಲೂಕು ಆಫೀಸಿನ ಮೈದಾನಕ್ಕೆ ಕರೆದುಕೊಂಡು ಹೋದೆವು. ಬೇರೆ ಶಾಲೆಗಳ ಡ್ರಿಲ್ ಮೇಷ್ಟ್ರುಗಳು ಬಾವುಟದ ಹಿಂದೆಯೇ ಮುಂದಾಳುಗಳಾಗಿ ಬರುತ್ತಿದ್ದರು. ನಮ್ಮವರು ಮಾತ್ರ ಸಾಲಿನ ತೀರಾ ಕೊನೆಯಲ್ಲಿ, ಎಂಟನೇ ಕ್ಲಾಸಿನ ಚಿಕ್ಕವರಿಗಿಂತ ಹಿಂದೆ. ನಾನು ಹೊಸಬ, ಕೇಳಿಬಿಟ್ಟೆ.

“ಮುಂದ್ಗಡೆ ಇರೋರ್ಗೆ ದಾರಿ ಕಾಣ್ತದೆ ಸ್ವಾಮಿ” ಎಂದರು. “ಇಂದ್ಗಡೆಯೋರ್ಗೆ ಏನ್ ಕಾಣ್ತದೆ, ಮುಂದಿನೋರ ಬೆನ್ನು. ಅದ್ಕೇ ನಾನ್ ಇಲ್ಲಿರ್ತೀನಿ.”

ಮೇಷ್ಟ್ರು ವರ್ಷಕ್ಕೊಮ್ಮೆ ನಡೆಸುತ್ತಿದ್ದ ನಾಲೆ ಏರಿಯ ಓಟ ಶುರುವಾದದ್ದು ಒಂದು ತಪ್ಪಿಹೋದ ರೈಲಿನಿಂದ. ಹನಕೆರೆ ಕಡೆ ಯಾರದೋ ಮದುವೆಗೆ ಹೋಗಿದ್ದ ಮೇಷ್ಟ್ರು ಬೆಳಿಗ್ಗೆ ಪ್ಯಾಸೆಂಜರ್ ಹಿಡಿಯಲು ಸ್ಟೇಷನ್ನಿಗೆ ಬಂದರೆ, ಅದು ಆಗತಾನೆ ಹೊರಟುಹೋಗಿತ್ತು. ಅವತ್ತು ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ರಸ್ತೆಗೆ ಹೋಗಿ ಬಸ್ಸಿಗೆ ಕಾಯುವ ತಾಳ್ಮೆಯಿಲ್ಲದೆ, ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ನಾಲೆಯ ಏರಿಯ ಮೇಲೆ ಮದ್ದೂರಿನ ಕಡೆಗೆ ಓಡತೊಡಗಿದರಂತೆ. ಇನ್‌ಸ್ಪೆಕ್ಟರು ಅವತ್ತು ಬರಲೇ ಇಲ್ಲ. ಆದರೆ ಬೆವರಿನಲ್ಲಿ ತೊಯ್ದು ಸ್ಟಾಫ್‌ ರೂಮಿಗೆ ಬಂದ ಮೇಷ್ಟ್ರ ಮುಖದಲ್ಲಿ ಎಂಥದೋ ಕಳೆ ಇತ್ತು. ಆ ದಾರಿಯನ್ನು ವಾರವಿಡೀ ಹೊಗಳಿದರು. ಎರಡೂ ಕಡೆ ಮರದ ನೆರಳು, ಕಾಲಿಗೆ ಹಿತವಾದ ಕೆಮ್ಮಣ್ಣು, ಪಕ್ಕದಲ್ಲೇ ನೀರು. ಎಲ್ಲಕ್ಕಿಂತ ಹೆಚ್ಚಾಗಿ ಉದ್ದಕ್ಕೂ ಒಂದು ಏರೂ ಇಲ್ಲ. ನೀರು ಹೋಗುವ ದಾರಿಯಲ್ಲಿ ಏರು ಎಲ್ಲಿಂದ ಬರಬೇಕು ಎಂದು ಅವರೇ ಕೇಳಿ ಅವರೇ ನಗುತ್ತಿದ್ದರು.

ಮುಂದಿನ ವರ್ಷ ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ನಮ್ಮಲ್ಲಿ ಕೆಲವರನ್ನು ಪುಸಲಾಯಿಸಿ ಬೆಳಗಿನ ರೈಲು ಹತ್ತಿಸಿದರು. ಹನಕೆರೆಯಲ್ಲಿ ಇಳಿದು, ನಾಲೆಯವರೆಗೆ ನಡೆದು, ಅಲ್ಲಿಂದ ಮದ್ದೂರಿಗೆ ಓಡುವುದು. ಹೋಗುವುದು ರೈಲಿನಲ್ಲಿ, ಬರುವುದು ಕಾಲಿನಲ್ಲಿ. ನಾಲೆ ಊರೂರು ಬಳಸಿಕೊಂಡು ಬರುವುದರಿಂದ ರೈಲಿನ ದಾರಿಗಿಂತ ದೂರವೇ ಆಗುತ್ತಿತ್ತು. ಮೊದಲನೇ ವರ್ಷ ಅರ್ಧ ಓಡಿ ಅರ್ಧ ನಡೆದು, ಬಿಸಿಲೇರಿದ ಮೇಲೆ ಕುಂಟುತ್ತ ಊರು ಸೇರಿದೆವು. ಮೊದಲು ಬಂದವರು ಯಾರೆಂದು ಯಾರೋ ಕೇಳಿದರು. ಎಲ್ಲರೂ ಬಂದಾಯಿತಲ್ಲ ಎಂದರು ಮೇಷ್ಟ್ರು. ಅವತ್ತಿನಿಂದ ಅದೇ ಪದ್ಧತಿಯಾಯಿತು. ಮೊದಲನೆಯವನೂ ಇಲ್ಲ, ಎರಡನೆಯವನೂ ಇಲ್ಲ, ಬಹುಮಾನವೂ ಇಲ್ಲ. ಕೊನೆಯವನು ಬಂದು ಸೇರುವವರೆಗೆ ಯಾರಿಗೂ ತಿಂಡಿ ಇಲ್ಲ, ಅದೊಂದೇ ಕಟ್ಟುಪಾಡು.

ತಿಂಡಿ ರೈಲ್ವೆ ಸ್ಟೇಷನ್ ಪಕ್ಕದ ಒಂದು ಹೋಟೆಲಿನಲ್ಲಿ. ಅದರ ಯಜಮಾನರಾದ ರಾಯರೂ ಓಡುತ್ತಿದ್ದರು. ಹೊಟ್ಟೆಯ ರಾಯರು ಕಚ್ಚೆ ಕಟ್ಟಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಓಡುವುದನ್ನು ನೋಡಲೆಂದೇ ಏರಿಯ ಪಕ್ಕದ ಹಳ್ಳಿಗಳಲ್ಲಿ ಜನ ನಿಲ್ಲುತ್ತಿದ್ದರು. ಬಟ್ಟೆ ಒಗೆಯುವ ಹೆಂಗಸರು ಕೈಯಲ್ಲಿನ ಸೀರೆ ಬಿಟ್ಟು, ಯಾರು ಅಟ್ಟಿಸಿಕೊಂಡು ಬರ್ತಾ ಇದ್ದಾರೆ ನಿಮ್ಮನ್ನ ಎಂದು ಕೇಳುತ್ತಿದ್ದರು. ರಾಯರು ಓಡುತ್ತಲೇ, ನನ್ನ ಹೆಂಡ್ತಿ ಎನ್ನುತ್ತಿದ್ದರು. ಆಲೆಮನೆಯ ಹತ್ತಿರ ಬಂದರೆ ಒಬ್ಬೊಬ್ಬರ ಕೈಗೂ ಕಬ್ಬಿನ ಹಾಲಿನ ಲೋಟ. ಅದನ್ನು ಕುಡಿದ ಮೇಲೆ ಓಡಲು ಸಾಧ್ಯವೇ ಇಲ್ಲ. ಕುಡಿಯದೆ ಬಂದರೆ ಆಲೆಮನೆಯವರು ಬಿಡುವುದಿಲ್ಲ. ವರ್ಷ ವರ್ಷಕ್ಕೆ ಜನ ಹೆಚ್ಚಿದರು. ದನದ ಡಾಕ್ಟರು ಬಂದರು, ಬ್ಯಾಂಕಿನವರು ಬಂದರು, ರೈತರ ಮಕ್ಕಳು ಬಂದರು. ಮೇಷ್ಟ್ರು ಮಾತ್ರ ಪ್ರತಿ ವರ್ಷವೂ ಕೊನೆಗೇ. ನಿಂತವನ ಬೆನ್ನಿಗೆ ಕೈಯಿಟ್ಟು, ಅವನ ಊರು, ಅವನ ದನಕರು, ಅವನ ಮಾವನ ಮನೆ ವಿಚಾರಿಸುತ್ತ, ಅವನಿಗೇ ಗೊತ್ತಾಗದ ಹಾಗೆ ಮತ್ತೆ ಓಡಿಸಿಬಿಡುತ್ತಿದ್ದರು.

ಓಟದ ದಾರಿಯ ನಡುವೆ ಬರುವ ಒಂದು ಹಳ್ಳಿಯವನು ನಿಂಗರಾಜು. ಮೇಷ್ಟ್ರ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ ದಾಟಲಾಗದೆ ಗದ್ದೆ ಕೆಲಸಕ್ಕೆ ನಿಂತವನು, ತಂದೆಯಿಲ್ಲದ ಮನೆಗೆ ಒಬ್ಬನೇ ಗಂಡಾಳು. ಆಗ ಅವನಿಗೆ ಇಪ್ಪತ್ತೈದರ ಆಸುಪಾಸು. ಅವನ ಮದುವೆಗೆ ಹೆಣ್ಣು ನೋಡುತ್ತಿದ್ದರು. ಓಡುವುದೆಂದರೆ ಅವನಿಗೆ ಆಟ. ಒಮ್ಮೆ ಎಲ್ಲರಿಗಿಂತ ಮುಂದೆ ಹೋಗುವನು, ತಿರುಗಿ ಕೊನೆಯಲ್ಲಿದ್ದ ಮೇಷ್ಟ್ರ ಹತ್ತಿರ ಬಂದು, ಮುಂದೆ ಯಾರು ಏನು ಮಾಡುತ್ತಿದ್ದಾರೆಂದು ವರದಿ ಒಪ್ಪಿಸಿ, ಮತ್ತೆ ಮುಂದಕ್ಕೆ ಹಾರುವನು. ನಾವು ಒಂದು ಸಲ ಮುಗಿಸುವ ದಾರಿಯನ್ನು ಅವನು ಎರಡು ಸಲ ಮುಗಿಸುತ್ತಿದ್ದ. ಅವನ ಹಳ್ಳಿ ಬಂದಾಗ ತಾಯಿ ಚಿಕ್ಕತಾಯಮ್ಮ ಏರಿಯ ಮೇಲೆ ಮಜ್ಜಿಗೆಯ ಪಾತ್ರೆ ಇಟ್ಟುಕೊಂಡು ನಿಂತಿರುತ್ತಿದ್ದಳು. ಎಲ್ಲರಿಗೂ ಕೊಡುವಳು. ಮಗನಿಗೆ ಮಾತ್ರ, ಮನೆಗೆ ಬಂದು ಕುಡಿಯೋ, ಇದು ನೆಂಟರಿಗೆ ಎನ್ನುವಳು. ಅವನು ಅವಳ ಕೈಯಿಂದ ಚೊಂಬು ಕಿತ್ತುಕೊಂಡು ಕುಡಿದು ಓಡುವನು.

ಮೇಷ್ಟ್ರಿಗೆ ಈಜು ಬರುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾಗುವ ಸಂದರ್ಭವೊಂದು ಬಂದಿತ್ತು, ನಾನೇ ಅರ್ಥ ಮಾಡಿಕೊಂಡಿರಲಿಲ್ಲ. ಶಾಲೆಯವರೆಲ್ಲ ಮುತ್ತತ್ತಿಗೆ ಹೋಗಿದ್ದೆವು. ಆಂಜನೇಯನ ದರ್ಶನ ಮಾಡಿ, ಪುಳಿಯೋಗರೆ ಬಿಚ್ಚುವ ಮೊದಲು ಹುಡುಗರು ಹೊಳೆಗೆ ಇಳಿಯಲು ನಿಂತರು. ಯಾವತ್ತೂ ದನಿಯೆತ್ತದ ಮೇಷ್ಟ್ರು ಅವತ್ತು ಬಂಡೆಯ ಮೇಲೆ ನಿಂತು ಕೂಗಾಡಿಬಿಟ್ಟರು. ಪಾದ ನೆನೆಯುವಷ್ಟಕ್ಕಿಂತ ಮುಂದೆ ಒಬ್ಬನನ್ನೂ ಬಿಡಲಿಲ್ಲ. ಹುಡುಗರು ಮುಖ ಊದಿಸಿಕೊಂಡು ಊಟ ಮಾಡಿದರು. ಸುಳಿ ಇರುವ ಹೊಳೆ, ಎಚ್ಚರ ಒಳ್ಳೆಯದೇ ಎಂದುಕೊಂಡು ನಾನು ಸುಮ್ಮನಾದೆ. ಅವರ ಊರು ಮಳವಳ್ಳಿಯಾಚೆಯ ಬೆದ್ದಲು ಸೀಮೆ. ಅಲ್ಲಿನ ಕೆರೆಯಲ್ಲಿ ಎಮ್ಮೆ ಮಲಗಿದರೆ ಬೆನ್ನು ಮೇಲೇ ಇರುತ್ತಿತ್ತು ಎಂದು ಎಷ್ಟೋ ದಿನಗಳ ಮೇಲೆ ಅವರೇ ಹೇಳಿದರು. ಅಂಥ ಊರಿನವರು ಈಜು ಕಲಿಯುವುದೆಲ್ಲಿ?

ಓಟ ಶುರುವಾಗಿ ಕೆಲವು ವರ್ಷಗಳಾಗಿದ್ದಾಗ, ಒಂದು ವರ್ಷ ಓಟದ ಹಿಂದಿನ ವಾರ ನಾಲೆಗೆ ನೀರು ಜೋರಾಗಿ ಬಿಟ್ಟಿದ್ದರು. ಅಂಚಿನಿಂದ ಒಂದು ತೋಳಿನಷ್ಟು ಕೆಳಗೆ, ಸದ್ದಿಲ್ಲದೆ, ಮಂದವಾಗಿ ಹರಿಯುತ್ತಿತ್ತು. ನೋಡಿದರೆ ಭಯವಾಗುವ ನೀರಲ್ಲ. ನಾವು ಅದು ಹರಿಯುವ ಕಡೆಗೇ ಓಡುತ್ತಿದ್ದೆವು. ನಿಂಗರಾಜು ಹಿಂದಿನ ಎರಡು ದಿನವೂ ಕಬ್ಬು ಕಡಿದು ಗಾಡಿ ತುಂಬಿಸಿ ದಣಿದಿದ್ದನಂತೆ. ಆದರೂ ಮುಂದಕ್ಕೂ ಹಿಂದಕ್ಕೂ ಹಾರಾಡುವುದನ್ನು ಬಿಟ್ಟಿರಲಿಲ್ಲ. ಅವನ ಹಳ್ಳಿಯಲ್ಲಿ ಮಜ್ಜಿಗೆ ಕುಡಿದು ಮುಂದೆ ಬಂದ ಮೇಲೆ ಅವನ ಮೀನಖಂಡ ಹಿಡಿದುಕೊಂಡಿತು. ನಾವೆಲ್ಲ ಮುಂದಿದ್ದೆವು. ಅವನು ಕೊನೆಗೆ ಮೇಷ್ಟ್ರ ಜೊತೆ ಉಳಿದ. ಕಾಲು ತಿಕ್ಕಿಕೊಂಡು, ಮುಖಕ್ಕೆ ನೀರು ಹಾಕಿಕೊಂಡು ಬರುತ್ತೇನೆಂದು ಅಂಚಿಗೆ ಇಳಿದ. ಅಲ್ಲಿ ನಾಲೆಯ ಗೋಡೆಗೆ ನಯವಾದ ಕಲ್ಲುಗಟ್ಟಣೆ ಇದೆ, ಕಡಿದಾದ ಇಳಿಜಾರು, ಮೇಲೆ ಪಾಚಿ. ಕೂತವನು ಕೂತ ಹಾಗೆಯೇ ಜಾರಿದನಂತೆ.

ನಾಲೆಯ ಪಕ್ಕದಲ್ಲೇ ಬೆಳೆದವನಿಗೆ ಈಜು ಬರುತ್ತಿತ್ತು. ಆದರೆ ಎರಡೂ ಕಾಲು ಹಿಡಿದುಕೊಂಡಿದ್ದವು. ಕೈಯಲ್ಲೇ ನೀರು ಬಡಿದು ಅಂಚಿಗೆ ಬರುತ್ತಿದ್ದ, ಕಲ್ಲು ಮುಟ್ಟುತ್ತಿದ್ದ, ಬೆರಳಿಗೆ ಏನೂ ಸಿಗದೆ ಮತ್ತೆ ಮಧ್ಯಕ್ಕೆ ಹೋಗುತ್ತಿದ್ದ.

ನಮಗೆ ಕೇಳಿದ್ದು ಸೀಟಿ. ಒಂದೇ ಸಮನೆ, ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದ ಹಾಗೆ. ಮೇಷ್ಟ್ರ ಸೀಟಿ ಹೇಗೆ ಕೇಳುತ್ತದೆಂದೇ ನಮಗೆ ಮರೆತಿತ್ತು. ಯಾರೋ ರೈಲ್ವೆಯವರಿರಬೇಕು ಎಂದರು ರಾಯರು. ಆಮೇಲೆ ತಿರುಗಿ ಓಡಿದೆವು. ನಾಲೆಯ ತಿರುವಿನಲ್ಲಿ ಕಂಡಿತು. ಮೇಷ್ಟ್ರು ಏರಿಯ ಮೇಲೆ ಓಡಿ ಬರುತ್ತಿದ್ದರು. ನೀರಿನಲ್ಲಿದ್ದವನಿಗಿಂತ ಸ್ವಲ್ಪ ಮುಂದೆ ಬಂದು ಹೊಟ್ಟೆಯ ಮೇಲೆ ಮಲಗಿ ತಮ್ಮ ಹೆಗಲ ಟವೆಲನ್ನು ಕೆಳಗೆ ಬಿಡುವರು. ಅವನ ಕೈ ಅದರ ಹತ್ತಿರ ಬಂದು ಹೋಗುವುದು. ಮತ್ತೆ ಏಳುವರು, ಓಡುವರು, ಮಲಗುವರು. ಎದೆಯೆಲ್ಲ ತರಚಿ ಬನಿಯನ್ ಕೆಂಪಾಗಿತ್ತು. ರಾಯರು ತಮ್ಮ ಪಂಚೆಯನ್ನೇ ಬಿಚ್ಚಿ ಎಸೆದರು. ನಿಂಗರಾಜುವಿನ ಕೈಗೆ ಅದರ ಅಂಚು ಸಿಕ್ಕಿತು. ಸಿಕ್ಕಿದ್ದನ್ನು ನಾನು ಕಣ್ಣಾರೆ ನೋಡಿದೆ. ಆದರೆ ಹಿಡಿಯುವ ಶಕ್ತಿ ಆ ಕೈಯಲ್ಲಿ ಉಳಿದಿರಲಿಲ್ಲ. ರೈತರ ಹುಡುಗನೊಬ್ಬ ನೀರಿಗೆ ಹಾರಿದ. ಅಷ್ಟು ಹೊತ್ತಿಗೆ ಹಳ್ಳ ಬಂದುಬಿಟ್ಟಿತ್ತು.

ಅಲ್ಲಿ ನಾಲೆಗೆ ಅಡ್ಡವಾಗಿ ಒಂದು ಹಳ್ಳವಿದೆ. ನಾಲೆಯ ನೀರು ಸುರಂಗಕ್ಕೆ ನುಗ್ಗಿ, ಹಳ್ಳದ ಅಡಿಯಲ್ಲಿ ಹಾದು ಆಚೆ ದಡದಲ್ಲಿ ಮೇಲೇಳುತ್ತದೆ. ಹಾರಿದ ಹುಡುಗನನ್ನು ಸೆಳೆತದಿಂದ ಎಳೆದುಕೊಳ್ಳುವುದೇ ನಮಗೆ ಸಾಕುಬೇಕಾಯಿತು. ನಿಂಗರಾಜು ಒಳಗೆ ಹೋದ.

ಮೇಷ್ಟ್ರು ಹಳ್ಳ ದಾಟಿ ಆಚೆ ದಡಕ್ಕೆ ಓಡಿದರು. ನೀರು ಮೇಲೇಳುವ ಬಾಯಿಯ ಹತ್ತಿರ ಮೊಣಕಾಲೂರಿ, ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ನಾವೆಲ್ಲ ಅವರ ಹಿಂದೆ ನಿಂತೆವು. ನೀರು ಗುಳುಗುಳು ಎಂದು ಮೇಲೆ ಬರುತ್ತಿತ್ತು, ಬರೀ ನೀರು. ಅವರು ಮಾತ್ರ ಅವನು ಈಗ ಬರುತ್ತಾನೆ ಎನ್ನುವ ಹಾಗೆಯೇ ಕೂತಿದ್ದರು. ಇಳಿಹೊತ್ತಿಗೆ ಕೆಳಗಿನ ತೂಬಿನ ಹತ್ತಿರ ಸಿಕ್ಕಿದನೆಂದು ಯಾರೋ ಬಂದು ಹೇಳುವವರೆಗೂ ಅವರನ್ನು ಅಲ್ಲಿಂದ ಎಬ್ಬಿಸಲಾಗಲಿಲ್ಲ.

ಯಾರೂ ಅವರನ್ನು ಬೈಯಲಿಲ್ಲ. ಪೊಲೀಸಿನವರು ಕೂರಿಸಿ, ಟೀ ತರಿಸಿಕೊಟ್ಟು ಹೇಳಿಕೆ ಬರೆದುಕೊಂಡರು. ಹೆಡ್‌ಮಾಸ್ಟರು ಹೆಗಲು ತಟ್ಟಿದರು. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬಂತು, ಓಟ ನಡೆಸಿದವರೆಂದು ಇವರ ಹೆಸರಿನ ಸಮೇತ. ಮಣ್ಣಿನ ದಿನ ಚಿಕ್ಕತಾಯಮ್ಮನ ಅಂಗಳದಲ್ಲಿ ಬರಿಗಾಲಲ್ಲಿ ನಿಂತಿದ್ದ ಮೇಷ್ಟ್ರ ಕಡೆ ಆಕೆ ತಿರುಗಿಯೂ ನೋಡಲಿಲ್ಲ. ಆಕೆ ಅವತ್ತು ಯಾರನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಒಬ್ಬರಾದರೂ ಬೈದಿದ್ದರೆ ಅವರಿಗೆ ಉಪಕಾರವಾಗುತ್ತಿತ್ತೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವರ ಹೆಂಡತಿ ಒಂದು ದಿನ ನಮ್ಮ ಮನೆಗೆ ಬಂದು, ಇವರು ಮಲಗಿದಲ್ಲೇ ತೋಳು ಚಾಚುತ್ತಾರೆ, ನೀವಾದರೂ ಹೇಳಿ ಎಂದರು. ಏನು ಹೇಳಬೇಕು? ನಾನು ಹೋಗಿ, ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ ಬಂದೆ.

ಓಟ ನಿಂತಿತು. ಮುಂದಿನ ಸಂಕ್ರಾಂತಿ ಕಳೆದಾಗ ಯಾರೂ ಅದರ ಸುದ್ದಿ ಎತ್ತಲಿಲ್ಲ. ಮೇಷ್ಟ್ರು ಮಂಡ್ಯದ ನೀರಾವರಿ ಕಚೇರಿಗೆ ಅಲೆಯತೊಡಗಿದರು. ನಾಲೆಯ ಕಲ್ಲುಗೋಡೆಗೆ ಅಲ್ಲಲ್ಲಿ ಮೆಟ್ಟಿಲು ಕಡಿಯಬೇಕು, ಹಿಡಿದುಕೊಳ್ಳಲು ಸರಪಳಿ ಬಿಡಬೇಕು, ಹಳ್ಳದ ಸುರಂಗದ ಮುಂದೆ ಕಂಬಿ ಹಾಕಬೇಕು, ಇಷ್ಟೇ ಅವರ ಬೇಡಿಕೆ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಎಂಜಿನಿಯರು ಸಭ್ಯ ಮನುಷ್ಯ, ಎದ್ದು ನಿಂತು ಕುರ್ಚಿ ಕೊಟ್ಟರು. ಕಂಬಿಗೆ ಕಸ ಸಿಕ್ಕಿಕೊಂಡರೆ ಏರಿಯೇ ಒಡೆಯುತ್ತದೆ, ಮೆಟ್ಟಿಲು ಒಂದು ಕಡೆ ಮಾಡಿದರೆ ನಾಲೆಯ ಉದ್ದಕ್ಕೂ ಕೇಳುತ್ತಾರೆ ಎಂದು ಬಿಡಿಸಿ ಹೇಳಿದರು. ತಮ್ಮ ಸ್ವಂತ ಅಣ್ಣನ ಮಗ ಹೀಗೆಯೇ ಹೋದದ್ದನ್ನೂ ಹೇಳಿದರು. ಮೇಷ್ಟ್ರೇ ಅವರಿಗೆ ಸಮಾಧಾನ ಹೇಳಿ ಎದ್ದು ಬಂದರು.

ಆ ಬೇಸಿಗೆಯಲ್ಲಿ ಅವರು ಈಜು ಕಲಿಯಲು ಹೋದರು. ಆಗಲೇ ನಲವತ್ತೈದು ದಾಟಿತ್ತು. ಶಿಂಷಾ ಹೊಳೆಯಾಚೆಯ ತೋಟವೊಂದರಲ್ಲಿ ಇಳಿಯಲು ಮೆಟ್ಟಿಲಿರುವ ದೊಡ್ಡ ಬಾವಿಯಿತ್ತು. ಚಿಕ್ಕ ಮಕ್ಕಳ ಹಾಗೆ ಬೆನ್ನಿಗೆ ಬೆಂಡು ಕಟ್ಟಿಕೊಂಡು ನೀರಿಗಿಳಿಯುತ್ತಿದ್ದರು. ಅದೇ ಬಾವಿಯಲ್ಲಿ ಮುಳುಗಿ ಏಳುವ ಹುಡುಗರೆಲ್ಲ ಅವರ ಕೈಯಲ್ಲಿ ಡ್ರಿಲ್ ಮಾಡಿಸಿಕೊಂಡವರೇ. ಮೊದಲು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. ಬೇಸಿಗೆ ಮುಗಿಯುವ ಹೊತ್ತಿಗೆ ಬೆಂಡಿಲ್ಲದೆ ಬಾವಿಯನ್ನು ಸುತ್ತು ಹಾಕುವಷ್ಟಾಯಿತು. ಒಂದು ಭಾನುವಾರ ನನ್ನನ್ನು ನಾಲೆಗೆ ಕರೆದುಕೊಂಡು ಹೋದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅದರ ತುದಿಯನ್ನು ಒಂದು ಮರಕ್ಕೆ ಬಿಗಿದು, ನನ್ನ ಕೈಗೂ ಕೊಟ್ಟರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮೊಣಕಾಲವರೆಗೆ ಇಳಿದರು. ಅಲ್ಲೇ ನಿಂತರು. ಅವರ ಬೆನ್ನು ನಡುಗುವುದು ನನಗೆ ಹಗ್ಗದಲ್ಲಿ ಗೊತ್ತಾಗುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಮೇಲೆ ಬಂದು, ಹಗ್ಗ ಬಿಚ್ಚಿ, ಅಂಗಿ ಹಾಕಿಕೊಂಡರು.

“ಬಾವಿ ನೀರು ನಿಂತಿರ್ತದೆ ಸ್ವಾಮಿ” ಎಂದರು. “ಇದು ಓಯ್ತಾನೇ ಇರ್ತದೆ.”

ಅದರ ಮಾರನೇ ವರ್ಷವಿರಬೇಕು, ಸಂತೆಯ ದಿನ ಚಿಕ್ಕತಾಯಮ್ಮ ಶಾಲೆಗೆ ಬಂದಳು. ಒಳಗೆ ಬರದೆ ಗೇಟಿನ ಪಕ್ಕದ ಹೊಂಗೆಯ ಕೆಳಗೆ ನಿಂತು ಮೇಷ್ಟ್ರನ್ನು ಕೇಳಿದಳಂತೆ. ಮೇಷ್ಟ್ರು ನನ್ನ ತೋಳು ಹಿಡಿದುಕೊಂಡೇ ಹೊರಗೆ ಬಂದರು. ಒಬ್ಬರೇ ಬರುವ ಧೈರ್ಯ ಇರಲಿಲ್ಲ ಎಂದು ಕಾಣುತ್ತದೆ. ಆಕೆ ಬೈಯಲು ಬಂದಿದ್ದಾಳೆ ಎಂದುಕೊಂಡೆವು. ಆಕೆ ಕೇಳಿದ್ದು, ಓಟ ಯಾಕೆ ನಿಲ್ಲಿಸಿದಿರಿ ಎಂದು.

ಮೇಷ್ಟ್ರು ನನ್ನ ತೋಳು ಬಿಟ್ಟರು.

“ಆ ಬಾನ್ವಾರ ಬಂದ್ರೆ ನಾನು ಮಜ್ಜಿಗೆ ಕಡ್ದು ಏರಿ ಮ್ಯಾಲೆ ನಿಂತ್ಕತೀನಿ ಕಣಪ್ಪ” ಎಂದಳು. “ಒತ್ತೇರೋಗಂಟ ನಿಂತ್ಕತೀನಿ. ಯಾರೂ ಬರಾಕಿಲ್ಲ.”

ಆಕೆಗೆ ಅಷ್ಟು ಸಾಕು ಎನ್ನಿಸಿತೋ ಏನೋ, ಸಂತೆಯ ಚೀಲ ಎತ್ತಿಕೊಂಡು ಹೋದಳು. ಮೇಷ್ಟ್ರು ಅವತ್ತಿನಿಂದಲೇ ಓಟಕ್ಕೆ ಕರೆಯುತ್ತ ಮನೆ ಮನೆ ಹತ್ತಿದರು. ಹೆಡ್‌ಮಾಸ್ಟರು ಹುಡುಗರನ್ನು ಮಾತ್ರ ಕೇಳಬೇಡಿ ಎಂದು ಕೈಮುಗಿದರು. ದನದ ಡಾಕ್ಟರಿಗೆ ವರ್ಗವಾಗಿತ್ತು. ಬ್ಯಾಂಕಿನವರು ನೋಡೋಣ ಎಂದರು. ರಾಯರು ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು, ಆ ಪಂಚೆ ಅವನ ಕೈಯಿಂದ ಜಾರಿದ್ದು ಇನ್ನೂ ನನ್ನ ಕಣ್ಣಿಂದ ಹೋಗಿಲ್ಲ, ನನ್ನನ್ನು ಕರೆಯಬೇಡಿ ಎಂದು ಅತ್ತುಬಿಟ್ಟರು. ಎಲ್ಲರೂ ಒಳ್ಳೆಯವರೇ. ಒಳ್ಳೆಯವರ ಮನೆಗಳಿಂದ ಮೇಷ್ಟ್ರು ಬರಿಗೈಯಲ್ಲಿ ಬರುತ್ತಿದ್ದರು. ಕೊನೆಗೆ ಬರುತ್ತೇನೆಂದವನು ನಾನೊಬ್ಬನೇ.

ಸಂಕ್ರಾಂತಿ ಕಳೆದ ಆ ಭಾನುವಾರ ಇಬ್ಬರೇ ರೈಲು ಹತ್ತಿದೆವು. ಹನಕೆರೆಯಲ್ಲಿ ಇಳಿದಾಗ ಮಂಜು ಇನ್ನೂ ಬಿಟ್ಟಿರಲಿಲ್ಲ. ಮೇಷ್ಟ್ರು ನಾನು ಮುಂದೆ ಹೋಗುವವರೆಗೆ ಕಾದು, ಆಮೇಲೆ ನನ್ನ ಹಿಂದೆ ಓಡತೊಡಗಿದರು. ಇಬ್ಬರೇ ಇರುವಾಗಲೂ ಹಿಂದೆಯೇ. ನಾಲೆಯ ಕಡೆ ನಾನೂ ನೋಡಲಿಲ್ಲ, ಅವರೂ ನೋಡಿರಲಾರರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿ, ಏನನ್ನೂ ಕೇಳದೆ ತಲೆ ತಗ್ಗಿಸಿದರು. ಆಲೆಮನೆಯವನು ಲೋಟ ತಂದು ಕೊಟ್ಟು ಪಕ್ಕಕ್ಕೆ ನಿಂತ.

ಚಿಕ್ಕತಾಯಮ್ಮ ಏರಿಯ ಮೇಲೆ ಇದ್ದಳು. ನಮ್ಮ ಹಿಂದೆ ಇನ್ನೂ ಯಾರಾದರೂ ಬರುತ್ತಾರೇನೋ ಎಂದು ಸ್ವಲ್ಪ ಹೊತ್ತು ದಾರಿಯನ್ನೇ ನೋಡಿದಳು. ಆಮೇಲೆ ಮಜ್ಜಿಗೆ ಕೊಟ್ಟಳು. ಕುಡಿದೆವು. ಹೊರಟಾಗ, ಒಂದಿಷ್ಟು ದೂರ ನಾನೂ ಬರುತ್ತೇನೆ ಎಂದು ಜೊತೆಗೆ ನಡೆದಳು. ಹಾಗಾಗಿ ನಾವೂ ನಡೆದೆವು. ಅವನು ಜಾರಿದ ಜಾಗ ಬರುತ್ತಿದ್ದಂತೆ ಮೇಷ್ಟ್ರ ಹೆಜ್ಜೆ ಸಣ್ಣದಾಯಿತು. ಅಲ್ಲಿಗೆ ಬಂದಾಗ ಅವರು ಕೂತುಬಿಟ್ಟರು. ಚಿಕ್ಕತಾಯಮ್ಮ ಅವರಿಂದ ಸ್ವಲ್ಪ ದೂರದಲ್ಲಿ, ನೀರಿನ ಕಡೆ ಮುಖ ಮಾಡಿ ಕೂತಳು.

“ಅವ್ನು ಏನಾರ ಅಂದ್ನಾ ಮೇಷ್ಟ್ರೇ, ನೀರಲ್ಲಿದ್ದಾಗ?” ಎಂದು ಕೇಳಿದಳು.

ಅವರು ಅದನ್ನು ಪೊಲೀಸಿನವರಿಗೆ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಈಗ, “ಅಂದ” ಎಂದರು.

“ಏನಂದ?”

“ನೀವ್ ಇಳೀಬೇಡಿ ಮೇಷ್ಟ್ರೇ ಅಂದ. ನಿಮ್ಗೆ ಈಜ್ ಬರಾಕಿಲ್ಲ, ಇಳೀಬೇಡಿ ಅಂದ. ಟವಲ್ ಬುಟ್ಟಾಗ್ಲೆಲ್ಲ ಅಂಗೇ ಅಂದ.” ಮತ್ತೆ, “ನಾನ್ ಇಳೀನಿಲ್ಲ ಕಣವ್ವ” ಎಂದರು.

ಚಿಕ್ಕತಾಯಮ್ಮ ನೀರನ್ನೇ ನೋಡುತ್ತಿದ್ದಳು. ಇಳಿದಿದ್ದರೆ ಇನ್ನೊಂದು ಮನೆಯೂ ಹಾಳಾಗುತ್ತಿತ್ತು, ಅವನು ಹೇಳಿದ್ದು ಸರಿ ಎಂದಳು. ಸಮಾಧಾನದ ದನಿಯಲ್ಲಿ ಹೇಳಲಿಲ್ಲ, ಇದ್ದದ್ದನ್ನು ಹೇಳುವ ಹಾಗೆ ಹೇಳಿದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು.

“ನನ್ ಇಚಾರ ಏನಾರ ಅಂದ್ನಾ?”

ನಾನು ಮೇಷ್ಟ್ರ ಮುಖ ನೋಡಿದೆ. ಒಂದು ಮಾತು, ಅವ್ವ ಅಂತ ಕೂಗಿದ ಎಂದು ಹೇಳಿದ್ದರೂ ಸಾಕಿತ್ತು. ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಯಾರು ಕೇಳಿಸಿಕೊಂಡಿದ್ದರು, ಯಾರು ಅಲ್ಲ ಎನ್ನುತ್ತಿದ್ದರು? ಅವರ ಬಾಯಿ ಎರಡು ಸಲ ತೆರೆಯಿತು.

“ಇಲ್ಲ ಕಣವ್ವ” ಎಂದರು. “ಅಷ್ಟೊತ್ತಿರ್ನಿಲ್ಲ.”

ಆಕೆ ತಲೆಯಾಡಿಸಿದಳು. ಸೆರಗಿನಿಂದ ಬಾಯಿ ಒತ್ತಿಕೊಂಡು, ಬೆನ್ನು ಬಾಗಿಸಿ, ಸದ್ದಿಲ್ಲದೆ ಹಾಗೆಯೇ ಕೂತಳು. ಮೇಷ್ಟ್ರ ಕೈ ಆಕೆಯ ಕಡೆ ಒಂದಿಷ್ಟು ಚಾಚಿ, ಅರ್ಧದಲ್ಲೇ ನಿಂತು, ನೆಲದ ಮೇಲೆ ಬಿತ್ತು. ಬಿಸಿಲು ಏರುತ್ತಿತ್ತು. ದನ ಹೊಡೆದುಕೊಂಡು ಬಂದ ಒಬ್ಬ ನಮ್ಮನ್ನು ನೋಡಿ, ದನಗಳನ್ನು ಸುತ್ತು ಹಾಕಿಸಿಕೊಂಡು ಬೇರೆ ದಾರಿಯಲ್ಲಿ ಹೋದ.

ಮೊದಲು ಎದ್ದವಳು ಚಿಕ್ಕತಾಯಮ್ಮನೇ. ಸೀರೆ ಕೊಡವಿಕೊಂಡು, ಏಳಿ ಎಂದಳು. ನಾವು ಮದ್ದೂರಿನ ಕಡೆ ಹೋಗಲಿಲ್ಲ. ಆಕೆಯ ಹಿಂದೆ ಹಳ್ಳಿಗೆ ತಿರುಗಿದೆವು. ಅಂಗಳದಲ್ಲಿ ಕೈಕಾಲಿಗೆ ನೀರು ಕೊಟ್ಟಳು. ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿದಳು. ನನಗೆ ಅನ್ನ, ಮೇಷ್ಟ್ರಿಗೆ ಮುದ್ದೆ, ಇಬ್ಬರಿಗೂ ಅವರೆಕಾಳಿನ ಸಾರು. ಮೇಷ್ಟ್ರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿದವರು ಬಾಯಿಗೆ ಇಡಲಾರದೆ ಹಾಗೆಯೇ ಕೂತರು. ಕಣ್ಣೀರು ತಟ್ಟೆಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಕೆ ಸೌಟು ಹಿಡಿದು ಎದುರಿಗೆ ನಿಂತಿದ್ದಳು.

“ಉಣ್ಣಿ ಮೇಷ್ಟ್ರೇ” ಎಂದಳು. “ಅಷ್ಟ್ ದೂರದಿಂದ ಓಡ್ಕಂಡ್ ಬಂದಿದ್ದೀರಿ.”

ಅವರು ಉಂಡರು. ಊಟವಾದ ಮೇಲೆ ಆಕೆ ರಸ್ತೆಯವರೆಗೂ ಬಂದು ನಮ್ಮನ್ನು ಬಸ್ಸು ಹತ್ತಿಸಿ ಹೋದಳು. ಮುಂದಿನ ಜೂನ್‌ನಲ್ಲಿ ಮೇಷ್ಟ್ರಿಗೆ ಮಳವಳ್ಳಿಗೆ ವರ್ಗವಾಯಿತು. ಆ ಏರಿಯ ಮೇಲೆ ಆಮೇಲೆ ಯಾರೂ ಓಡಲಿಲ್ಲ.